‘ಇದ್ರಲ್ಲಿ ರೆಕಾರ್ಡಿಂಗ್ ಆಗಲ್ಲ ಸಾರ್’

ಈ ಮಾತು ಹೇಳುವವರಿಗೆ ನಮ್ಮಲ್ಲಿ ಬರವಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿ ಹುಡುಗ ಹೇಳುತ್ತಾನೆ. ಸಾಫ್ಟ್‌ವೇರ್ ಕಂಪನಿಯಲ್ಲಿರುವ ಅಕ್ಕನ ಮಗ ಹೇಳುತ್ತಾನೆ. ತಾಲ್ಲೂಕು ಕೇಂದ್ರದ ಸ್ಟುಡಿಯೋದವನು, ಯೂಟ್ಯೂಬಿನಲ್ಲಿ ಕನ್ನಡದಲ್ಲೇ ಗ್ಯಾಜೆಟ್ ಪುರಾಣ ಓದುವ ಮಹಾಶಯ, ಎಲ್ಲರದೂ ಒಂದೇ ರಾಗ: ‘ಆಡಿಯೋ ಕೆಲಸಕ್ಕಾ? ಹಾಗಾದ್ರೆ ಮ್ಯಾಕ್ ತಗೊಳ್ಳಿ. ಅದಾಗಲ್ಲ ಅಂದ್ರೆ ಕಡೇಪಕ್ಷ ಐ7, ಹದಿನಾರು ಜಿಬಿ, ಒಂದು ಗ್ರಾಫಿಕ್ಸ್ ಕಾರ್ಡ್. ಈ ಡಬ್ಬದಲ್ಲಿ, ಅದೂ ಲಿನಕ್ಸ್‌ನಲ್ಲಿ, ರೆಕಾರ್ಡಿಂಗ್ ಆಗಲ್ಲ ಸಾರ್.’ ಹಾಡು ಮುದ್ರಿಸುವುದಕ್ಕೆ ಗ್ರಾಫಿಕ್ಸ್ ಕಾರ್ಡ್ ಯಾತಕ್ಕೆ ಎಂದು ಯಾರಾದರೂ ತಿರುಗಿ ಕೇಳಿದ್ದುಂಟೆ?

ಕೇಳುವುದಿಲ್ಲ. ಏಕೆಂದರೆ ಈ ಮಾತನ್ನು ಕೇಳಿಸಿಕೊಳ್ಳುತ್ತಿರುವವರು ಬೇರೆಯೇ ಜನ. ತಾಳಮದ್ದಳೆಯ ಅರ್ಥಗಾರಿಕೆಯನ್ನು ದಾಖಲಿಸಬೇಕೆಂದಿರುವ ಹೈಸ್ಕೂಲು ಮೇಷ್ಟ್ರು. ಕಥೆ ಓದಿ ಪಾಡ್‌ಕಾಸ್ಟ್ ಮಾಡಬೇಕೆಂದು ಆಸೆಪಟ್ಟ ಗೃಹಿಣಿ. ಅಜ್ಜಿಯ ಬಾಯಲ್ಲಿರುವ ಸೋಬಾನೆ ಪದಗಳನ್ನು ಹಿಡಿದಿಡಲು ಹೊರಟ ಎಂ.ಎ. ವಿದ್ಯಾರ್ಥಿನಿ. ಇವರೆಲ್ಲ ‘ತಿಳಿದವರು ಹೇಳಿದ್ದಾರೆ’ ಎಂದು ನಂಬಿ, ಲಕ್ಷ ರೂಪಾಯಿ ಕೂಡಿಬರಲಿ ಎಂದು ಕಾಯುತ್ತಾರೆ. ಅಜ್ಜಿ ಕಾಯುವುದಿಲ್ಲ.

ಆದ್ದರಿಂದ ಇದನ್ನು ‘ಒಂದು ಅಭಿಪ್ರಾಯ’ ಎಂದು ಗೌರವಿಸಿ ಪಕ್ಕಕ್ಕಿಡುವ ಸೌಜನ್ಯ ನನ್ನಲ್ಲಿಲ್ಲ. ಇದು ಸುಳ್ಳು. ಹೇಳುವವರಿಗೆಲ್ಲ ಅನುಕೂಲವಾಗಿರುವುದರಿಂದ ಇಷ್ಟು ವರ್ಷ ಬಾಳಿದ ಸುಳ್ಳು. ಅಂಗಡಿಯವನಿಗೆ ಲಾಭ, ಯೂಟ್ಯೂಬ್ ವಿಮರ್ಶಕನಿಗೆ ಲಿಂಕಿನ ಕಮಿಷನ್, ಸ್ಟುಡಿಯೋದವನಿಗೆ ಗಿರಾಕಿ, ಅಕ್ಕನ ಮಗನಿಗೆ ತಿಳಿದವನೆಂಬ ಹೆಸರು. ನಷ್ಟ ಒಬ್ಬರಿಗೆ ಮಾತ್ರ, ಹೇಳಲು ಏನಾದರೂ ಇದ್ದವರಿಗೆ.

ಮೊದಲು ಲೆಕ್ಕ ನೋಡೋಣ. ಲೆಕ್ಕಕ್ಕೆ ಬ್ರ್ಯಾಂಡಿನ ಮುಲಾಜಿಲ್ಲ. ಧ್ವನಿಮುದ್ರಣ ಎಂದರೆ ಕಂಪ್ಯೂಟರಿನ ಪಾಲಿಗೆ ಸೆಕೆಂಡಿಗೆ 48,000 ಸಲ ಒಂದೊಂದು ಸಂಖ್ಯೆ ಬರೆದಿಡುವ ಕೆಲಸ. 24 ಬಿಟ್ ಅಂದರೆ ಪ್ರತಿ ಸಂಖ್ಯೆಗೆ ಮೂರು ಬೈಟ್. ಒಂದು ಮೈಕಿಗೆ ಸೆಕೆಂಡಿಗೆ 1,44,000 ಬೈಟ್; ಎರಡು ಮೈಕ್ ಇಟ್ಟು ಒಂದು ತಾಸು ಮುದ್ರಿಸಿದರೆ ಒಂದು ಜಿಬಿಗಿಂತ ತುಸು ಹೆಚ್ಚು. ಹದಿನೈದು ವರ್ಷ ಹಳೆಯ, ತಿರುಗುವ ಹಾರ್ಡ್ ಡಿಸ್ಕ್ ಕೂಡ ಸೆಕೆಂಡಿಗೆ ಹತ್ತಾರು ಎಂಬಿ ಬರೆಯುತ್ತದೆ. ನಾವು ಕೇಳುತ್ತಿರುವುದು ಒಂದು ಎಂಬಿಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಅದಕ್ಕೊಂದು ಈಕ್ವಲೈಸರ್, ಒಂದು ಕಂಪ್ರೆಸರ್, ಒಂದಿಷ್ಟು ರಿವರ್ಬ್ ಸೇರಿಸಿ. ಪ್ರತಿ ಸಂಖ್ಯೆಗೂ ಕೆಲವು ಗುಣಾಕಾರ ಸಂಕಲನಗಳು ಹೆಚ್ಚಾದವು, ಅಷ್ಟೇ. ಸೆಕೆಂಡಿಗೆ ಕೋಟ್ಯಂತರ ಗುಣಾಕಾರ ಮಾಡುವ ಪ್ರೊಸೆಸರ್ ಇದಕ್ಕೆ ಬೆವರುವುದಿಲ್ಲ. ಅದನ್ನು ಬೆವರಿಸುವುದು ಬ್ರೌಸರಿನಲ್ಲಿ ತೆರೆದಿಟ್ಟ ಇಪ್ಪತ್ತು ಟ್ಯಾಬುಗಳು. ಈ ಸಲಹೆಗಾರರೆಲ್ಲ ಇವತ್ತು ಕೈಮುಗಿಯುವ ಪ್ರೊ ಟೂಲ್ಸ್ ತಂತ್ರಾಂಶ 1991ರಲ್ಲಿ ಮಾರುಕಟ್ಟೆಗೆ ಬಂದಾಗ ಕೊಟ್ಟಿದ್ದು ನಾಲ್ಕೇ ಟ್ರ್ಯಾಕು. ಆಗಿನ ಕಂಪ್ಯೂಟರುಗಳನ್ನು ನೆನೆಸಿಕೊಂಡರೆ, ಇವರು ‘ಡಬ್ಬ’ ಎಂದು ಜರೆಯುವ ಯಂತ್ರ ಸಾಕ್ಷಾತ್ ಸೂಪರ್‌ಕಂಪ್ಯೂಟರು.

ಲೆಕ್ಕ ಒಪ್ಪದವರಿಗೆ ಒಂದು ವಾದ್ಯ ತೋರಿಸುತ್ತೇನೆ. ಜಪಾನಿನ ಕೊರ್ಗ್ ಕಂಪನಿ 2011ರಲ್ಲಿ ‘ಕ್ರೋನೋಸ್’ ಎಂಬ ಕೀಬೋರ್ಡ್ ತಂದಿತು. ಕಂಪನಿಯ ಮುಕುಟಮಣಿ, ಲಕ್ಷಗಳ ಮಾತು. ಪಿಯಾನೋ, ಆರ್ಗನ್, ಡ್ರಮ್ಸ್, ಸಿಂಥ್ ಎಲ್ಲವನ್ನೂ ಒಟ್ಟಿಗೆ, ಬೆರಳಿಟ್ಟ ಕ್ಷಣಕ್ಕೆ, ಸಾವಿರಾರು ಜನರೆದುರಿನ ವೇದಿಕೆಯ ಮೇಲೆ ನುಡಿಸಬೇಕಾದ ಯಂತ್ರ. ಅದರ ಹೊಟ್ಟೆ ಬಗೆದು ನೋಡಿದರೆ ಒಳಗಿದ್ದದ್ದು ಇಂಟೆಲ್‌ನ ಆ್ಯಟಮ್ ಪ್ರೊಸೆಸರ್. ಹೌದು, ಅಗ್ಗದ ನೆಟ್‌ಬುಕ್ಕುಗಳಲ್ಲಿ ಕೂತು ‘ಆಟಿಕೆ’ ಎಂದು ಬೈಸಿಕೊಂಡ ಅದೇ ಆ್ಯಟಮ್ ಮನೆತನ. ಅದನ್ನು ನಡೆಸುತ್ತಿದ್ದ ತಂತ್ರಾಂಶ ಲಿನಕ್ಸ್. ಅದಕ್ಕೂ ಮುಂಚೆ 2005ರಲ್ಲಿ ಬಂದ ಅದೇ ಕಂಪನಿಯ ‘ಓಯಸಿಸ್’ ಒಳಗೂ ಲಿನಕ್ಸೇ. ಕ್ರೋನೋಸ್ ಕೊಳ್ಳಲು ಹೋದವನಿಗೆ ಯಾವ ಅಂಗಡಿಯವನಾದರೂ ‘ಬೇಡಿ ಸಾರ್, ಒಳಗೆ ಆ್ಯಟಮ್ ಇದೆ, ಅದೂ ಲಿನಕ್ಸು’ ಎಂದು ಬುದ್ಧಿ ಹೇಳಿದ್ದಾನೆಯೆ? ಲೋಹದ ಪೆಟ್ಟಿಗೆಯಲ್ಲಿಟ್ಟು ಲಕ್ಷಗಟ್ಟಲೆ ಬೆಲೆ ಬರೆದರೆ ವೃತ್ತಿಪರ ವಾದ್ಯ. ಅದೇ ಜಾತಿಯ ಮಿದುಳನ್ನು ಲ್ಯಾಪ್‌ಟಾಪಿನಲ್ಲಿಟ್ಟು ಹತ್ತು ಸಾವಿರಕ್ಕೆ ಕೊಟ್ಟರೆ ‘ಆಗಲ್ಲ ಸಾರ್’.

ಕೊರ್ಗ್ ಎಂಜಿನಿಯರುಗಳು ಮಾಡಿದ್ದು ಇಷ್ಟೇ: ಯಂತ್ರಕ್ಕೆ ಬೇಡದ್ದನ್ನೆಲ್ಲ ಕಿತ್ತೆಸೆದು, ಧ್ವನಿಯ ಕೆಲಸಕ್ಕೆ ಮೊದಲ ಮರ್ಯಾದೆ ಕೊಟ್ಟರು. ನಾನು ಈ ಲೇಖನದ ಉದ್ದಕ್ಕೂ ಕೇಳುತ್ತಿರುವುದು ಅಷ್ಟನ್ನೇ.

ಹಾಗಾದರೆ ಸಣ್ಣ ಲಿನಕ್ಸ್ ಲ್ಯಾಪ್‌ಟಾಪಿಗೆ ಕೆಟ್ಟ ಹೆಸರು ಬಂದದ್ದು ಹೇಗೆ? ತಾನಾಗಿ ಬರಲಿಲ್ಲ, ತಂದರು. 2007ರ ಕೊನೆಗೆ ಏಸುಸ್ ಕಂಪನಿ ‘ಈ ಪಿಸಿ’ (Eee PC) ಎಂಬ ಏಳಿಂಚಿನ ಲ್ಯಾಪ್‌ಟಾಪನ್ನು ಬಿಟ್ಟಾಗ ಅದರಲ್ಲಿ ಇದ್ದದ್ದು 512 ಎಂಬಿ ರ್‍ಯಾಮ್, 4 ಜಿಬಿ ಸಂಗ್ರಹ, ಜೊತೆಗೆ ಲಿನಕ್ಸ್. ಒಂದು ಕಿಲೋ ತೂಗದ ಆ ಪುಟ್ಟ ಯಂತ್ರ ಮಾರುಕಟ್ಟೆಯನ್ನೇ ಅಲ್ಲಾಡಿಸಿತು. ಮೈಕ್ರೋಸಾಫ್ಟಿನ ಹೊಚ್ಚಹೊಸ ವಿಸ್ಟಾ ಅಂಥ ಯಂತ್ರದಲ್ಲಿ ಉಸಿರಾಡಲಾರದು. ಆಗ ಏನು ಮಾಡಿದರು? ನಿವೃತ್ತಿಗೆ ಕಳಿಸಬೇಕೆಂದಿದ್ದ ಎಕ್ಸ್‌ಪಿಯನ್ನು ಈ ಸಣ್ಣ ಯಂತ್ರಗಳಿಗೆಂದೇ 2010ರವರೆಗೆ ಮುಂದುವರಿಸಿ ಅಗ್ಗಕ್ಕೆ ಕೊಟ್ಟರು. ಆದರೆ ಷರತ್ತು: ತೆರೆ ಇಷ್ಟೇ ಅಗಲ, ರ್‍ಯಾಮ್ ಇಷ್ಟೇ, ಡಿಸ್ಕ್ ಇಷ್ಟೇ. ಆಮೇಲೆ ಬಂದ ವಿಂಡೋಸ್ 7 ಸ್ಟಾರ್ಟರ್‌ನಲ್ಲಿ ತೆರೆಯ ಹಿಂದಿನ ಚಿತ್ರವನ್ನು ಬದಲಿಸಿಕೊಳ್ಳುವ ಅವಕಾಶವನ್ನೂ ಕೊಡಲಿಲ್ಲ. ದುಡ್ಡು ಕೊಟ್ಟು ತಂದ ಯಂತ್ರದಲ್ಲಿ ಮಗುವಿನ ಫೋಟೋ ಹಾಕಿಕೊಳ್ಳಲೂ ಅಪ್ಪಣೆಯಿಲ್ಲ! ಹೀಗೆ ಕೈಕಾಲು ಕಟ್ಟಿ ಕೆರೆಗೆ ಇಳಿಸಿ, ಮುಳುಗಿದ ಮೇಲೆ ‘ನೋಡಿ, ಸಣ್ಣ ಲ್ಯಾಪ್‌ಟಾಪಿಗೆ ಈಜು ಬರುವುದಿಲ್ಲ’ ಎಂದು ಘೋಷಿಸಿದರು. ನಾವು ಪಾಠ ಒಪ್ಪಿಸುವ ಮಕ್ಕಳಂತೆ ಅದನ್ನೇ ಇವತ್ತಿಗೂ ಒಪ್ಪಿಸುತ್ತಿದ್ದೇವೆ.

‘ಅದೆಲ್ಲ ಸರಿ, ಲಿನಕ್ಸ್ ಕಷ್ಟ. ಏನೇನೋ ಟೈಪ್ ಮಾಡಬೇಕು’ ಎನ್ನುತ್ತಾರೆ. ಎನ್ನುವವರು ಯಾರು ಎಂದು ಸ್ವಲ್ಪ ನೋಡಿ. ಕಳ್ಳಪ್ರತಿಯ ಸಂಗೀತ ತಂತ್ರಾಂಶವನ್ನು ಟೆಲಿಗ್ರಾಮಿನಿಂದ ಇಳಿಸಿಕೊಂಡು, ಆ್ಯಂಟಿವೈರಸ್ ಆಫ್ ಮಾಡಿ, ಎಲ್ಲಿಂದಲೋ ಬಂದ ಕೀಜೆನ್ ಓಡಿಸಿ, ಹೋಸ್ಟ್ಸ್ ಫೈಲ್ ತೆರೆದು ಕಂಪನಿಯ ಸರ್ವರ್ ವಿಳಾಸಗಳನ್ನು ತಡೆಹಿಡಿದು, ಇಂಟರ್ನೆಟ್ ತಂತಿ ಕಿತ್ತು ಇನ್‌ಸ್ಟಾಲ್ ಮಾಡಿ, ಮರುದಿನ ಯಾವುದೋ ಅಪ್‌ಡೇಟ್ ಬಂದು ಎಲ್ಲ ಕೆಟ್ಟಾಗ ಮತ್ತೆ ಮೊದಲಿಂದ ಶುರುಮಾಡುವ ವೀರರು. ಈ ಸರ್ಕಸ್ಸು ಸುಲಭ. ಡೆಬಿಯನ್ ಎಂಬ ಲಿನಕ್ಸಿನಲ್ಲಿ ಒಂದು ಸಾಲು ಬರೆದು ‘ಆರ್ಡರ್’ (Ardour) ಎಂಬ ಮುದ್ರಣ ತಂತ್ರಾಂಶ ಇಳಿಸಿಕೊಳ್ಳುವುದು ಕಷ್ಟ! ನಮ್ಮ ಊರೂರಿನ ಸ್ಟುಡಿಯೋಗಳಲ್ಲಿ ಎಷ್ಟರಲ್ಲಿ ಅಸಲಿ ಪರವಾನಗಿ ಇದೆ ಎಂದು ಪರೀಕ್ಷೆ ಇಟ್ಟರೆ ಎಷ್ಟು ಶಟರ್‌ಗಳು ತೆರೆದಿರುತ್ತವೆ? ಕದ್ದ ತಂತ್ರಾಂಶದ ಮೇಲೆ ನಿಂತು ‘ಇಂಡಸ್ಟ್ರಿ ಸ್ಟ್ಯಾಂಡರ್ಡ್’ ಎಂದು ಬೋಧಿಸುವ ಧೈರ್ಯವನ್ನು ಮಾತ್ರ ಮೆಚ್ಚಬೇಕು.

ಆರ್ಡರ್ ಎಂದೆ. ಅದನ್ನು ಬರೆಯಲು ತೊಡಗಿದ ಪಾಲ್ ಡೇವಿಸ್, ಅಮೆಜಾನ್ ಕಂಪನಿಯ ಮೊಟ್ಟಮೊದಲ ಪ್ರೋಗ್ರಾಮರುಗಳಲ್ಲಿ ಒಬ್ಬ. ಅಲ್ಲಿಂದ ಹೊರಬಂದು ಲಿನಕ್ಸಿಗೊಂದು ಪೂರ್ಣಪ್ರಮಾಣದ ಮುದ್ರಣ ತಂತ್ರಾಂಶ ಕಟ್ಟಿದ. ತಂತ್ರಾಂಶಗಳ ನಡುವೆ ಧ್ವನಿಯನ್ನು ತಡವಿಲ್ಲದೆ ಹರಿಸುವ ಜ್ಯಾಕ್ ಕೂಡ ಅವನದೇ ಕೂಸು. ಧ್ವನಿ ಮುದ್ರಿಸಿ ತಿದ್ದುವ ಆಡಾಸಿಟಿ 2000ದಿಂದ ಇದೆ. ರೀಪರ್ ಎಂಬ ಇನ್ನೊಂದು ಮುದ್ರಣ ತಂತ್ರಾಂಶಕ್ಕೆ ನೇರವಾಗಿ ಲಿನಕ್ಸಿನಲ್ಲಿ ಓಡುವ ಆವೃತ್ತಿಯಿದೆ. ಸಣ್ಣಪುಟ್ಟವರಿಗೆ ಅರವತ್ತು ಡಾಲರ್ ಪರವಾನಗಿ, ಕೊಂಡರೆ ಕೊಂಡಂತೆ, ತಿಂಗಳ ಕಂತಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಗೀತ ಸಂಶೋಧನಾ ಕೇಂದ್ರ ಇಪ್ಪತ್ತು ವರ್ಷಗಳ ಹಿಂದೆಯೇ ಲಿನಕ್ಸಿನಲ್ಲಿ ಧ್ವನಿ ಕೆಲಸ ಮಾಡಿ, ತನ್ನ ತಂತ್ರಾಂಶದ ಕಂತೆಯನ್ನು ಊರಿಗೆಲ್ಲ ಹಂಚುತ್ತಿತ್ತು. ಅವರಿಗೆ ಮ್ಯಾಕ್ ಕೊಳ್ಳಲು ದುಡ್ಡಿರಲಿಲ್ಲವೆ?

ಇನ್ನು ಸಣ್ಣ ಯಂತ್ರದ ಮೇಲಿರುವ ಏಕೈಕ ಘನವಾದ ಆಕ್ಷೇಪಣೆಗೆ ಬರೋಣ: ಲೇಟೆನ್ಸಿ. ಹಾಡಿದ ಸ್ವರ ಮೈಕಿನಿಂದ ಒಳಹೋಗಿ ಹೆಡ್‌ಫೋನಿಗೆ ಮರಳುವಷ್ಟರಲ್ಲಿ ಆಗುವ ತಡ. ಇಲ್ಲಿಯೂ ಜನರನ್ನು ಹೆದರಿಸಿದ್ದೇ ಹೆಚ್ಚು, ತಿಳಿಸಿದ್ದು ಕಡಿಮೆ. ಕಂಪ್ಯೂಟರ್ ಧ್ವನಿಯನ್ನು ಕಂತುಕಂತಾಗಿ ಎತ್ತಿಕೊಳ್ಳುತ್ತದೆ. ಒಂದು ಕಂತಿಗೆ 256 ಮಾದರಿ ಎಂದು ಗೊತ್ತುಮಾಡಿದರೆ, 48,000ದ ವೇಗದಲ್ಲಿ ಅದು 5.3 ಮಿಲಿಸೆಕೆಂಡ್. ಅಷ್ಟು ಹೊತ್ತಿನಲ್ಲಿ ಧ್ವನಿ ಗಾಳಿಯಲ್ಲಿ ಸಾಗುವುದು ಸುಮಾರು ಆರು ಅಡಿ. ಹೋಗುತ್ತ ಒಂದು ಕಂತು, ಬರುತ್ತ ಒಂದು ಕಂತು, ಮೇಲೆ ಯಂತ್ರದ ಸ್ವಂತ ತಡ ಇಷ್ಟು ಎಂದು ಹಿಡಿದರೂ ಹದಿನೈದಿಪ್ಪತ್ತು ಅಡಿಯ ಮಾತು. ಯಕ್ಷಗಾನದ ರಂಗಸ್ಥಳದಲ್ಲಿ ವೇಷಧಾರಿ ಮುಂದಕ್ಕೆ ಬಂದಾಗ ಹಿಮ್ಮೇಳ ಅವನಿಗೆ ಅಷ್ಟೇ ದೂರ. ಅವನ ಹೆಜ್ಜೆ ಎಂದಾದರೂ ತಪ್ಪಿದೆಯೆ?

ಅದಿರಲಿ, ಈ ತಡದಿಂದ ತೊಂದರೆಯಾಗುವುದು ಯಾರಿಗೆ? ಕಂಪ್ಯೂಟರಿನ ಒಳಗಿನ ವಾದ್ಯವನ್ನು ಕೀಬೋರ್ಡಿನಿಂದ ನುಡಿಸುವವರಿಗೆ, ಗಿಟಾರಿನ ಧ್ವನಿಯನ್ನು ತಂತ್ರಾಂಶದಲ್ಲಿ ತಿರುಚಿ ಅಲ್ಲೇ ಕೇಳಿಸಿಕೊಳ್ಳುವವರಿಗೆ. ಕಥೆ ಓದುವವರಿಗೆ, ಗಮಕ ವಾಚಿಸುವವರಿಗೆ, ವೀಣೆ ಮುದ್ರಿಸುವವರಿಗೆ ಅದರ ಗೊಡವೆಯೇ ಇಲ್ಲ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ನಾಲ್ಕೈದು ಸಾವಿರದ ಯುಎಸ್‌ಬಿ ಇಂಟರ್‌ಫೇಸಿನಲ್ಲೂ ಮೈಕಿನ ಧ್ವನಿಯನ್ನು ಕಂಪ್ಯೂಟರಿಗೆ ಹೋಗುವ ಮೊದಲೇ ಕಿವಿಗೆ ಕೊಡುವ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ತಡ ಸೊನ್ನೆ. ಒಂದು ಗುಂಡಿಯಿಂದ ಮುಗಿಯುವ ಕೆಲಸಕ್ಕೆ ಲಕ್ಷದ ಯಂತ್ರ ಕೊಡಿಸುವವರನ್ನು ಏನೆಂದು ಕರೆಯಬೇಕು?

ತಡ ನಿಜಕ್ಕೂ ಅಡ್ಡಬರುವವರಿಗೂ ಮದ್ದು ವೇಗದಲ್ಲಿಲ್ಲ, ಸಮಯಪಾಲನೆಯಲ್ಲಿದೆ. ಧ್ವನಿ ಕೆಲಸದಲ್ಲಿ ಕಂಪ್ಯೂಟರ್ ಎಷ್ಟು ಬಲಶಾಲಿ ಎನ್ನುವುದು ಮುಖ್ಯವಲ್ಲ. ಪ್ರತಿ ಐದು ಮಿಲಿಸೆಕೆಂಡಿಗೆ ಒಮ್ಮೆ, ಒಂದು ಸಲವೂ ತಪ್ಪದೆ, ಕರೆದಾಗ ಓಗೊಡುತ್ತದೆಯೆ ಎನ್ನುವುದು ಮುಖ್ಯ. ತಪ್ಪಿದರೆ ‘ಟಪ್’ ಎಂದು ಸದ್ದು. ಎರಡು ಲಕ್ಷದ ಲ್ಯಾಪ್‌ಟಾಪ್ ಕೂಡ ಆ ಗಳಿಗೆಯಲ್ಲಿ ಅಪ್‌ಡೇಟ್ ಹುಡುಕುತ್ತ ಕೂತಿದ್ದರೆ ಟಪ್ ಎನ್ನುತ್ತದೆ. ಲಿನಕ್ಸಿನ ಜನ ಈ ಸಮಯಪಾಲನೆಯ ಹಿಂದೆ ಇಪ್ಪತ್ತು ವರ್ಷ ಬಿದ್ದಿದ್ದರು. ಇಂಗೋ ಮೊಲ್ನಾರ್, ಥಾಮಸ್ ಗ್ಲೈಕ್ಸ್‌ನರ್ ಮೊದಲಾದವರು ತೇಪೆಯಾಗಿ ಬೆಳೆಸಿದ ರಿಯಲ್‌ಟೈಮ್ ವ್ಯವಸ್ಥೆ 2024ರ ನವೆಂಬರಿನಲ್ಲಿ ಬಂದ 6.12ನೇ ಆವೃತ್ತಿಯಲ್ಲಿ ಲಿನಕ್ಸ್ ತಿರುಳಿನ ಭಾಗವೇ ಆಯಿತು. ವಿಮ್ ಟೇಮನ್ಸ್ ಕಟ್ಟಿದ ಪೈಪ್‌ವೈರ್, ಹಾಡು ಕೇಳುವುದು, ವಿಡಿಯೋ ಕರೆ, ಸ್ಟುಡಿಯೋ ಮುದ್ರಣ ಮೂರನ್ನೂ ಒಂದೇ ಕೊಳವೆಗೆ ತಂದು 2023ರಲ್ಲಿ 1.0 ಮುಟ್ಟಿತು. ‘ಲಿನಕ್ಸಿನಲ್ಲಿ ಆಡಿಯೋ ಗೋಜಲು’ ಎನ್ನುವವರು ಹತ್ತು ವರ್ಷದ ಹಿಂದಿನ ಪಂಚಾಂಗ ಓದುತ್ತಿದ್ದಾರೆ.

ಹಾಗಾದರೆ ಸಣ್ಣ ಲ್ಯಾಪ್‌ಟಾಪನ್ನು ಹಾಗೇ ತಂದು ಕೂತರೆ ಆಯಿತೆ? ಆಗುವುದಿಲ್ಲ, ಯಾಕಾಗಬೇಕು? ಅಂಗಡಿಯಿಂದ ತಂದ ಮೃದಂಗವನ್ನು ಯಾರಾದರೂ ಹಾಗೇ ಕಛೇರಿಗೆ ಒಯ್ಯುತ್ತಾರೆಯೆ? ಅಂಚಿಗೆ ತಟ್ಟಿ ಶ್ರುತಿ ಕೂಡಿಸಿ, ಎಡಕ್ಕೆ ರವೆ ಮೆತ್ತಿ ನಾದ ತಂದುಕೊಳ್ಳುತ್ತಾರೆ. ಯಾವ ವಿದ್ವಾಂಸರೂ ಅದನ್ನು ‘ಕಷ್ಟ’ ಎಂದು ದೂರಿಲ್ಲ. ಅದು ವಾದ್ಯದ ಜೊತೆಗಿನ ಪರಿಚಯ.

ನನ್ನ ಮೆಚ್ಚಿನ ಉದಾಹರಣೆ ಲೆನೊವೊದ ಥಿಂಕ್‌ಪ್ಯಾಡ್ ಎಕ್ಸ್230. 2012ರದು. ಹನ್ನೆರಡೂವರೆ ಇಂಚಿನ ತೆರೆ, ಒದ್ದರೂ ಮುರಿಯದ ಮೈ. ಕಂಪನಿಗಳು ರಾಶಿಗಟ್ಟಲೆ ಕೊಂಡು ರಾಶಿಗಟ್ಟಲೆ ಹೊರಹಾಕಿದ ಮಾದರಿ. ಸೆಕೆಂಡ್ ಹ್ಯಾಂಡಿನಲ್ಲಿ ಸಾಧಾರಣ ಮೊಬೈಲಿನ ಬೆಲೆಗೆ ಸಿಗುತ್ತದೆ. ತಳದ ಮುಚ್ಚಳ ಬಿಚ್ಚಿದರೆ ರ್‍ಯಾಮಿಗೆ ಎರಡು ಜಾಗ, 16 ಜಿಬಿವರೆಗೆ ಹಾಕಬಹುದು, 8 ಸಾಕು. ಹಾರ್ಡ್ ಡಿಸ್ಕ್ ಎಳೆದು ಎಸ್‌ಎಸ್‌ಡಿ ತೂರಿಸಲು ಒಂದು ಸ್ಕ್ರೂ ಡ್ರೈವರ್, ಹತ್ತು ನಿಮಿಷ. ಈಗಿನ ಮ್ಯಾಕ್‌ಬುಕ್ಕುಗಳಲ್ಲಿ ರ್‍ಯಾಮ್ ಹುಟ್ಟಿನಿಂದಲೇ ಅಂಟಿಕೊಂಡಿದೆ. ಕೊಳ್ಳುವ ದಿನ ಜೇಬಿನಲ್ಲಿದ್ದ ದುಡ್ಡೇ ಆ ಯಂತ್ರದ ಜೀವಮಾನದ ಹಣೆಬರಹ. ಅದಕ್ಕೆ ‘ಭವಿಷ್ಯಕ್ಕೆ ಸಿದ್ಧ’ ಎಂಬ ಬಿರುದು ಬೇರೆ.

ಮೇಲೆ ಡೆಬಿಯನ್, ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್. ಬ್ಯಾಂಕ್ ಕೆಲಸ, ಪತ್ರ, ಸಿನಿಮಾ, ಮಕ್ಕಳ ಪಾಠ ಎಲ್ಲಕ್ಕೂ ಇದು ನಿತ್ಯದ ಯಂತ್ರ. ಧ್ವನಿ ಕೆಲಸಕ್ಕೆಂದು ಮಾಡಬೇಕಾದ್ದು ಒಂದು ಸಂಜೆಯ ಬಾಬತ್ತು. ನಿಮ್ಮ ಹೆಸರನ್ನು ‘ಆಡಿಯೋ’ ಗುಂಪಿಗೆ ಸೇರಿಸಿ, ಆ ಗುಂಪಿಗೆ ರಿಯಲ್‌ಟೈಮ್ ಆದ್ಯತೆ ಕೊಡುವುದು. ಜ್ಯಾಕ್ ಇಳಿಸಿಕೊಂಡರೆ ಈ ಆದ್ಯತೆಯನ್ನು ಡೆಬಿಯನ್ ತಾನೇ ಕೇಳಿ ಕೊಡುತ್ತದೆ. ಕಂಪ್ಯೂಟರ್ ಶುರುವಾಗುವಾಗಿನ ಆದೇಶಕ್ಕೆ ‘ಥ್ರೆಡ್‌ಐಆರ್‌ಕ್ಯೂಸ್’ ಎಂಬ ಒಂದು ಪದ ಸೇರಿಸುವುದು. ಇದರಿಂದ ಯುಎಸ್‌ಬಿಯಲ್ಲಿ ಬರುವ ಧ್ವನಿಗೆ ವೈಫೈಗಿಂತ ಮುಂದಿನ ಸಾಲಿನಲ್ಲಿ ಜಾಗ ಕೊಡಲು ಬರುತ್ತದೆ. ಪೈಪ್‌ವೈರ್‌ಗೆ ಕಂತಿನ ಅಳತೆ ಹೇಳುವ ಒಂದು ಸಾಲನ್ನು ಕೀಲಿಯೊಂದಕ್ಕೆ ಕಟ್ಟಿಕೊಳ್ಳುವುದು: ಒತ್ತಿದರೆ ಮುದ್ರಣಕ್ಕೆ ಸಜ್ಜು, ವೈಫೈ ಬಂದ್, ಮತ್ತೊಮ್ಮೆ ಒತ್ತಿದರೆ ಮಾಮೂಲು ಮನೆಯ ಯಂತ್ರ. ಯುಎಸ್‌ಬಿ ಇಂಟರ್‌ಫೇಸ್ ಕ್ಲಾಸ್ ಕಂಪ್ಲಯಂಟ್ ಇದ್ದರೆ ಡ್ರೈವರಿನ ಮಾತೇ ಇಲ್ಲ, ಚುಚ್ಚಿದರೆ ಹತ್ತಿತು. ಲ್ಯಾಪ್‌ಟಾಪಿನ ಸ್ವಂತ ಮೈಕ್ ತೂತನ್ನು ಮಾತ್ರ ಮುಟ್ಟಬೇಡಿ. ಅಲ್ಲಿ ಗೊರಗೊರ ಎನ್ನುವುದು ಬಡ ಯಂತ್ರದ ದೋಷವಲ್ಲ, ದುಬಾರಿಯವುಗಳಲ್ಲೂ ಅದು ಹಾಗೇ.

ಇಲ್ಲೊಂದು ಮಾತು ಹೇಳಲೇಬೇಕು, ಏಕೆಂದರೆ ಸಲಹೆಗಾರರೆಲ್ಲ ಇದಕ್ಕೆ ತದ್ವಿರುದ್ಧ ಹೇಳುತ್ತಾರೆ. ‘ಪ್ರೊಸೆಸರನ್ನು ಸದಾ ಪೂರ್ಣ ವೇಗದಲ್ಲಿಡಿ’ ಎಂಬುದು ಅವರ ಮಂತ್ರ. ಸಿಂಥ್ ನುಡಿಸುವವನಿಗೆ ಸರಿ. ಮಾತು ಮುದ್ರಿಸುವವರು ಹಾಗೆ ಮಾಡಿದರೆ ಯಂತ್ರ ಕಾಯುತ್ತದೆ, ಫ್ಯಾನು ಬೊಬ್ಬಿಡುತ್ತದೆ, ಆ ಸದ್ದು ಮೈಕಿಗೆ ಬೀಳುತ್ತದೆ. ಅವರಿಗೆ ಬೇಕಾದ್ದು ಉಲ್ಟಾ: ಪ್ರೊಸೆಸರನ್ನು ತಗ್ಗಿಸಿಡಿ, ಕಂತನ್ನು 1024ಕ್ಕೆ ಏರಿಸಿ. ಯಂತ್ರ ತಣ್ಣಗೆ, ಕೋಣೆ ಸದ್ದಿಲ್ಲದೆ. ಅಗ್ಗದ ಯಂತ್ರವನ್ನು ಇನ್ನಷ್ಟು ನಿಧಾನ ಮಾಡಿದರೆ ಮುದ್ರಣ ಸುಧಾರಿಸುತ್ತದೆ! ಇದನ್ನು ಯಾವ ಅಂಗಡಿಯವನು ಹೇಳಿಯಾನು?

ಕೋಣೆ ಎಂದೆನಲ್ಲ, ನಿಜವಾದ ಖರ್ಚು ಆಗಬೇಕಾದ್ದು ಅಲ್ಲಿ. 16 ಬಿಟ್ ಮುದ್ರಣವೇ 96 ಡೆಸಿಬೆಲ್ಲಿನ ಅಂತರವನ್ನು ಹಿಡಿಯಬಲ್ಲದು. ನಮ್ಮ ಮನೆಗಳಲ್ಲಿ ಫ್ಯಾನು, ಪಕ್ಕದ ಮನೆಯ ಮಿಕ್ಸಿ, ಕುಕ್ಕರಿನ ಸೀಟಿ, ರಿವರ್ಸ್ ಹೋಗುವಾಗ ಹಾಡುವ ಕಾರು ಸೇರಿ ಅದರ ಅರ್ಧವನ್ನು ಆಗಲೇ ತಿಂದಿರುತ್ತವೆ. ಎರಡು ಲಕ್ಷದ ಲ್ಯಾಪ್‌ಟಾಪ್ ಆ ಕುಕ್ಕರನ್ನು ಇನ್ನೂ ಸ್ಪಷ್ಟವಾಗಿ ಮುದ್ರಿಸುತ್ತದೆಯೇ ಹೊರತು ಸುಮ್ಮನಿರಿಸುವುದಿಲ್ಲ. ಮೈಕಿಗೆ, ಸ್ಟ್ಯಾಂಡಿಗೆ, ಗೋಡೆಗೆ ನೇತುಹಾಕುವ ದಪ್ಪ ಕಂಬಳಿಗೆ ಹೋಗಬೇಕಾದ ದುಡ್ಡನ್ನು ಹೊಳೆಯುವ ಅಲ್ಯುಮಿನಿಯಮ್ಮಿಗೆ ಸುರಿಸಿದ ಮೇಲೆ ಜನ ಮುದ್ರಿಸುವುದು ಮೊಬೈಲಿನ ಇಯರ್‌ಫೋನ್ ಮೈಕಿನಲ್ಲಿ, ಬೇರೆಯದಕ್ಕೆ ಕಾಸು ಉಳಿದಿಲ್ಲವಾದ್ದರಿಂದ.

‘ಲಿನಕ್ಸಿನಲ್ಲಿ ಕನ್ನಡ ಬರಲ್ಲ, ನುಡಿ ತಂತ್ರಾಂಶ ಇಲ್ಲ’ ಎಂಬ ಇನ್ನೊಂದು ರಾಗವಿದೆ. ಕನ್ನಡ ಕೀಲಿಮಣೆ ರೂಪಿಸಿದ ಕೆ.ಪಿ. ರಾವ್ ಅವರ ವಿನ್ಯಾಸದ ವಂಶದ್ದೇ ಆದ ಕಗಪ ಕೀಲಿಮಣೆ ಲಿನಕ್ಸಿನೊಳಗೆ ಹುಟ್ಟಾ ಇದೆ, ಆರಿಸಿಕೊಂಡರೆ ಮುಗಿಯಿತು. ಗುಬ್ಬಿ, ನವಿಲು ಫಾಂಟುಗಳು ಡೆಬಿಯನ್ ಭಂಡಾರದಲ್ಲಿವೆ. ಕಾಡುವುದು ಯೂನಿಕೋಡ್‌ಗೆ ಮುಂಚಿನ ಹಳೆಯ ಸಂಕೇತದಲ್ಲಿ ಇವತ್ತಿಗೂ ಕಡತ ಬೆರಳಚ್ಚಿಸುವ ಕಚೇರಿಗಳು ಮತ್ತು ಡಿಟಿಪಿ ಅಂಗಡಿಗಳು. ಅದು ಅವರ ಸೋಮಾರಿತನ. ಲಿನಕ್ಸಿನ ತಲೆಗೆ ಕಟ್ಟಬೇಡಿ.

ಲಿನಕ್ಸ್ ಭಕ್ತರನ್ನೂ ಸುಮ್ಮನೆ ಬಿಡುವಂತಿಲ್ಲ. ಈ ಸುಳ್ಳು ಬಾಳಿದ್ದರಲ್ಲಿ ಅವರ ಕೊಡುಗೆ ಸಣ್ಣದಲ್ಲ. ಹೊಸಬಳೊಬ್ಬಳು ‘ಮೈಕ್ ಕೇಳ್ತಿಲ್ಲ’ ಎಂದರೆ ‘ಯಾವ ಡಿಸ್ಟ್ರೋ? ಅಯ್ಯೋ ಅದಾ? ಆರ್ಚ್ ಹಾಕಿ’ ಎನ್ನುವವರು ಇವರು. ಯಂತ್ರವನ್ನು ತಮಗೆ ಬೇಕಾದಂತೆ ತಿದ್ದಿಕೊಳ್ಳುವುದು ಎಂದರೆ ಇವರಿಗೆ ಅರೆಪಾರದರ್ಶಕ ಟರ್ಮಿನಲ್ಲು, ಅನಿಮೆ ಹುಡುಗಿಯ ಚಿತ್ರ, ಅದರ ಸ್ಕ್ರೀನ್‌ಶಾಟು. ವಾರಕ್ಕೊಂದು ಡಿಸ್ಟ್ರೋ (ಲಿನಕ್ಸಿನ ಬಗೆ) ಬದಲಿಸಿ, ವರ್ಷ ಕಳೆದರೂ ಒಂದು ಹಾಡು ಮುದ್ರಿಸದವರು. ಕನ್ನಡದಲ್ಲಿ ‘ಆರ್ಡರ್‌ನಲ್ಲಿ ಮೊದಲ ಮುದ್ರಣ ಹೀಗೆ ಮಾಡಿ’ ಎಂದು ಹತ್ತು ನಿಮಿಷದ ಒಂದು ಪಾಠ ಮಾಡಿಡಲು ನಿಮಗೆ ಪುರುಸೊತ್ತಿಲ್ಲ. ಸ್ವಾತಂತ್ರ್ಯದ ಭಾಷಣಕ್ಕೆ ಮಾತ್ರ ಬೇಕಾದಷ್ಟಿದೆ. ನಿಮ್ಮ ಸ್ವಾತಂತ್ರ್ಯವನ್ನು ಬಳಸಲು ಆ ಹುಡುಗಿಗೆ ಒಂದು ದಾರಿ ತೋರಿಸಿ ಮೊದಲು.

ಸಂಸ್ಥೆಗಳ ಅಪರಾಧ ಇದಕ್ಕಿಂತ ದೊಡ್ಡದು, ಏಕೆಂದರೆ ಅವರು ಖರ್ಚು ಮಾಡುವುದು ನಮ್ಮ ದುಡ್ಡು. ಪಕ್ಕದ ಕೇರಳ ತನ್ನ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳನ್ನು ಎಂದೋ ಸ್ವತಂತ್ರ ತಂತ್ರಾಂಶಕ್ಕೆ ಒಯ್ದು, ತನ್ನದೇ ಉಬುಂಟು ಆವೃತ್ತಿಯನ್ನು ಮಕ್ಕಳಿಗೆ ಕೊಟ್ಟಿದೆ. ಕರ್ನಾಟಕದಲ್ಲೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆಗೂಡಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಕಲಿಸಿತ್ತು. ಹಳ್ಳಿಯ ಮೇಷ್ಟ್ರುಗಳಿಗೆ ಬಂದದ್ದು ವಿಶ್ವವಿದ್ಯಾಲಯದ ಖರೀದಿ ಸಮಿತಿಗೆ ಯಾಕೆ ಬರುವುದಿಲ್ಲ? ಭಾಷಾ ಪ್ರಯೋಗಾಲಯ, ಸಂಗೀತ ವಿಭಾಗ, ಜಾನಪದ ವಿಭಾಗ, ಎಲ್ಲಿಗೆ ಕಂಪ್ಯೂಟರ್ ತರಿಸಿದರೂ ಟೆಂಡರಿನಲ್ಲಿ ಪ್ರೊಸೆಸರಿನ ಹೆಸರು ಇರುತ್ತದೆ, ವಿಂಡೋಸಿನ ಹೆಸರು ಇರುತ್ತದೆ. ಒಂದು ಒಳ್ಳೆಯ ಮೈಕಿನ ಹೆಸರು ಇರುವುದಿಲ್ಲ. ಇಂಥ ಗೋಡೆ ದಾಟಿದ ಉದಾಹರಣೆ ನಮ್ಮಲ್ಲೇ ಇದೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ಬಾನುಲಿ ಶುರುವಾದಾಗ ಹಳ್ಳಿಗರಿಗೆ ಬಾನುಲಿ ಪರವಾನಗಿಯೇ ಇರಲಿಲ್ಲ. ಕೇಬಲ್ ತಂತಿಯಲ್ಲಿ ತಮ್ಮ ಕಾರ್ಯಕ್ರಮಗಳನ್ನು ಮನೆಮನೆಗೆ ಹರಿಸಿದರು. ಸಮುದಾಯ ಸಂಘಟನೆಗಳಿಗೆ ಬಾನುಲಿಯ ಬಾಗಿಲು ತೆರೆದದ್ದು 2006ರ ನೀತಿಯಿಂದ. ಪರವಾನಗಿಯ ಗೋಡೆ ಬಿದ್ದ ಮೇಲೆ ಯಂತ್ರದ ಬೆಲೆಯ ಗೋಡೆಯನ್ನು ನಾವೇ ನಿಂತು ಕಟ್ಟುತ್ತಿದ್ದೇವೆ.

ಇದನ್ನೆಲ್ಲ ಈಗ ಹೇಳಬೇಕಾದ ತುರ್ತಿದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಬಹುತೇಕ ಎಂಟನೇ ತಲೆಮಾರಿಗಿಂತ ಹಳೆಯ ಇಂಟೆಲ್ ಪ್ರೊಸೆಸರುಗಳಿಗೆ ಪ್ರವೇಶವಿಲ್ಲ. ಅಂದರೆ 2016ರಲ್ಲಿ ಕೊಂಡ, ಒಂದು ಸ್ಕ್ರೂ ಕೂಡ ಸಡಿಲವಾಗದ ಲ್ಯಾಪ್‌ಟಾಪು ಅಧಿಕೃತವಾಗಿ ಮುದಿ. ಇಂಥ 24 ಕೋಟಿ ಕಂಪ್ಯೂಟರುಗಳು ಕಸವಾಗಬಹುದೆಂದು ಮಾರುಕಟ್ಟೆ ಸಂಶೋಧನೆಯ ಕ್ಯಾನಲಿಸ್ ಸಂಸ್ಥೆ ಅಂದಾಜಿಸಿತ್ತು. 2022ರಲ್ಲಿ ಜಗತ್ತು ಹೊರಹಾಕಿದ ಇ-ತ್ಯಾಜ್ಯವೇ 6.2 ಕೋಟಿ ಟನ್, ಅದರಲ್ಲಿ ಲೆಕ್ಕಕ್ಕೆ ಸಿಕ್ಕು ಸರಿಯಾಗಿ ಮರುಬಳಕೆಯಾದದ್ದು ಕಾಲುಭಾಗಕ್ಕೂ ಕಡಿಮೆ. ಕಂಪನಿಗಳ ಗೋದಾಮುಗಳಿಂದ ಲಾರಿ ತುಂಬಿ ಬರುತ್ತಿರುವ ಈ ಯಂತ್ರಗಳಲ್ಲಿ ಒಂದೊಂದೂ ಒಂದೊಂದು ಮುದ್ರಣ ಕೋಣೆ. ಅವನ್ನು ಗುಜರಿಗೆ ಹಾಕಿ, ಮೇಷ್ಟ್ರನ್ನು ಇಎಂಐಗೆ ನೂಕುವುದು ನಿಮ್ಮ ತಂತ್ರಜ್ಞಾನದ ಪ್ರಗತಿಯೆ?

ಎಸ್.ಪಿ. ರೋಡಿನ ವ್ಯಾಪಾರಿಗಳೇ, ಕಳ್ಳ ವಿಂಡೋಸ್ ತುಂಬಿ ಕೊಡುವ ಅಭ್ಯಾಸ ಇವತ್ತೇ ನಿಲ್ಲಿಸಿ. ಆ ಹಳೆ ಲ್ಯಾಪ್‌ಟಾಪುಗಳಿಗೆ ಲಿನಕ್ಸ್ ಹಾಕಿ, ಕನ್ನಡ ಕೀಲಿಮಣೆ ಸಜ್ಜುಗೊಳಿಸಿ, ಆರ್ಡರ್ ಮತ್ತು ಆಡಾಸಿಟಿ ಇಳಿಸಿ, ‘ರೆಕಾರ್ಡಿಂಗ್ ಲ್ಯಾಪ್‌ಟಾಪ್’ ಎಂದು ಬೋರ್ಡು ಬರೆದು ಮಾರಿ. ಆ ಕೆಲಸಕ್ಕೆ ಸಾವಿರ ರೂಪಾಯಿ ಹೆಚ್ಚು ತಗೊಳ್ಳಿ, ಸಂತೋಷದಿಂದ ಕೊಡುತ್ತೇವೆ. ವಿಮರ್ಶಕರೇ, ಮುಂದಿನ ಸಲ ‘ಆಡಿಯೋಗೆ ಬೆಸ್ಟ್ ಲ್ಯಾಪ್‌ಟಾಪ್’ ಎಂಬ ವಿಡಿಯೋ ಮಾಡುವಾಗ ಹತ್ತು ವರ್ಷದ ಯಂತ್ರದಲ್ಲಿ ಒಂದು ಭಾವಗೀತೆ ಮುದ್ರಿಸಿ, ಹೊಸದರಲ್ಲೂ ಮುದ್ರಿಸಿ, ಯಾವುದು ಯಾವುದೆಂದು ಹೇಳದೆ ನೋಡುಗರಿಗೆ ಕೇಳಿಸಿ. ಧೈರ್ಯವಿದೆಯೆ? ವಿಶ್ವವಿದ್ಯಾಲಯಗಳ ಖರೀದಿ ಸಮಿತಿಯವರೇ, ಟೆಂಡರಿನಿಂದ ಕಂಪನಿಗಳ ಹೆಸರು ಹೊಡೆದುಹಾಕಿ, ಮಾಡಬೇಕಾದ ಕೆಲಸವನ್ನು ಬರೆಯಿರಿ.

ಮತ್ತು ಯಕ್ಷಗಾನ, ಜಾನಪದ, ಸಂಗೀತ ನೃತ್ಯ ಅಕಾಡೆಮಿಗಳೇ: ದಾಖಲೀಕರಣಕ್ಕೆಂದು ಬೆಂಗಳೂರಿನಿಂದ ವ್ಯಾನು ಹತ್ತಿಸಿ ತಂಡ ಕಳಿಸುವ ಜಮೀನ್ದಾರಿಕೆ ಸಾಕು. ಎರಡು ಲಕ್ಷದ ಒಂದು ಯಂತ್ರದ ದುಡ್ಡಿನಲ್ಲಿ ಹಳೆ ಲ್ಯಾಪ್‌ಟಾಪು, ಇಂಟರ್‌ಫೇಸು, ಮೈಕು, ಹೆಡ್‌ಫೋನು ಸೇರಿದ ಏಳೆಂಟು ಸೆಟ್ಟುಗಳಾಗುತ್ತವೆ. ಏಳೆಂಟು ತಾಲ್ಲೂಕುಗಳಿಗೆ ಕಳಿಸಿ. ಮೂರು ದಿನದ ತರಬೇತಿ ಕೊಡಿ, ಕನ್ನಡದಲ್ಲಿ. ಮುದ್ರಿಸಬೇಕಾದ್ದು ಯಾವುದು ಎಂಬುದನ್ನು ಆಯಾ ಊರಿನವರೇ ಗೊತ್ತುಮಾಡಿಕೊಳ್ಳಲಿ, ನಿಮ್ಮ ಅನುಮೋದನೆ ಬೇಡ. ಈ ವರ್ಷದ ಅನುದಾನದಲ್ಲೇ ಮಾಡಿ. ‘ಮುಂದಿನ ಬಜೆಟ್ಟಿನಲ್ಲಿ ನೋಡೋಣ’ ಎಂಬ ಉತ್ತರವನ್ನು ಒಪ್ಪುವುದಿಲ್ಲ.